ಬೆಳ್ಮಣ್ಣಿನ ಬಾವಿಗೆ ಹೊರಿಸಿದ ಸಾವುಗಳು

ಉಡುಪಿಯ ಜಲಜನ್ಯ ರೋಗ ಸಂಶೋಧನಾ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನಿಮ್ಮ ಸಮಿತಿಯ ವರದಿಯಲ್ಲಿ ನನ್ನ ಮಗಳ ಸಾವನ್ನು ತಪ್ಪು ಊರಿನ ಲೆಕ್ಕಕ್ಕೆ ಸೇರಿಸಿದ್ದೀರಿ. ದಯವಿಟ್ಟು ಅದನ್ನು ಅಲ್ಲಿಂದ ತೆಗೆಯಿರಿ. ಸತ್ತವಳನ್ನು ಬದುಕಿಸಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಅಷ್ಟು ದೊಡ್ಡ ಕೆಲಸವನ್ನು ನಿಮ್ಮಿಂದ ನಿರೀಕ್ಷಿಸುವಷ್ಟು ಪೆದ್ದ ನಾನಲ್ಲ. ಆಕೆ ಯಾವ ನೀರು ಕುಡಿದು ಸತ್ತಳೆಂಬುದನ್ನು ಸರಿಯಾಗಿ ಬರೆಯಿರಿ ಎಂದಷ್ಟೇ ಕೇಳುತ್ತಿದ್ದೇನೆ. ಏಕೆಂದರೆ ಅದೇ ನೀರನ್ನು ಈಗ ಇನ್ನೊಬ್ಬಳು ಬಸುರಿ ಕುಡಿಯುತ್ತಿದ್ದಾಳೆ, ನೀವು ಕೊಟ್ಟ ಪ್ರಶಸ್ತಿಪತ್ರವನ್ನು ನಂಬಿಕೊಂಡು.

ನಾನು ಬೆಳ್ಮಣ್ಣಿನವನು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ನುಣುಪು ಕಾಗದದ ನಿಮ್ಮ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಹಾಗೆ ಓದಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಬರೆದವರೂ ಓದಿದಂತೆ ಕಾಣುವುದಿಲ್ಲ. ಕಳೆದ ಮಳೆಗಾಲದಲ್ಲಿ ಕಾಮಾಲೆಯಿಂದ ಸತ್ತ ಬಸುರಿಯರ ಬಗ್ಗೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ಬೆಳ್ಮಣ್ ಮತ್ತು ಸುತ್ತಲಿನ ಬಾವಿ ನೀರಿನ ಊರುಗಳಲ್ಲಿ ಏಳು ಸಾವು. ಕಾಪುವಿನ ಹತ್ತಿರದ ಒಂದು ನಳ್ಳಿ ನೀರಿನ ಕೇರಿಯಲ್ಲಿ ಸೊನ್ನೆ. (ಕೇರಿಯ ಹೆಸರು ನಿಮಗೆ ಗೊತ್ತು. ಇಲ್ಲಿ ಬರೆದು ಅಲ್ಲಿನ ಹುಡುಗಿಯರಿಗೆ ಬರುವ ಸಂಬಂಧಗಳನ್ನು ತಪ್ಪಿಸಲು ನನಗೆ ಇಷ್ಟವಿಲ್ಲ.) ಇಷ್ಟರಿಂದಲೇ ನಿಮ್ಮ ಅಂಕಿಅಂಶ ಪಂಡಿತರು ಬಾವಿಗೂ ಸಾವಿಗೂ ‘ಬಲವಾದ ಸಹಸಂಬಂಧ’ವನ್ನು ಕಂಡುಹಿಡಿದರು. ಕೇರಿಗೆ ‘ಮಾದರಿ ನೀರು ಪೂರೈಕೆ’ ಎಂಬ ಪ್ರಶಸ್ತಿಪತ್ರ ಸಿಕ್ಕಿತು, ನಮಗೆ ಬ್ಲೀಚಿಂಗ್ ಪೌಡರ್ ಸಿಕ್ಕಿತು. ನಿಮ್ಮ ಜನ ಜೀಪಿನಲ್ಲಿ ಬಂದು ನನ್ನ ಬಾವಿಗೆ ಸುರಿದ ಪೌಡರಿಗೆ ಕಪ್ಪೆಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಆ ಸಾವುಗಳನ್ನು ಯಾವ ಊರಿಗೆ ಸೇರಿಸಿದ್ದೀರೋ ನನಗೆ ತಿಳಿಯದು.

ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಶ್ರೀಮತಿಯವರು ಮೊದಲ ಹೆರಿಗೆಗೆ ಎಲ್ಲಿಗೆ ಹೋಗಿದ್ದರು? ತವರಿಗೆ ತಾನೇ? ನಮ್ಮ ಕಡೆ ಏಳನೇ ತಿಂಗಳಲ್ಲಿ ಗಂಡನ ಮನೆಯಲ್ಲಿ ಬಯಕೆಯ ಊಟ ಮುಗಿಸಿ ಹುಡುಗಿಯನ್ನು ತಾಯಿಮನೆಗೆ ಕರೆತರುತ್ತಾರೆ. ಹಿಂದೂಗಳಲ್ಲೂ ಹೀಗೆಯೇ, ಬ್ಯಾರಿ ಮುಸ್ಲಿಮರಲ್ಲೂ ಹೀಗೆಯೇ. ಇದನ್ನು ತಿಳಿಯಲು ಸಂಶೋಧನೆ ಬೇಡ, ಒಂದು ಮದುವೆಯಾಗಿದ್ದರೆ ಸಾಕು. ನನ್ನ ಮಗಳು ಸ್ವರ್ಣಲತಾಳನ್ನು ಕೊಟ್ಟದ್ದು ನಿಮ್ಮ ಮಾದರಿ ಕೇರಿಗೆ. ನಮ್ಮೂರಿನ ಅಂಗಡಿಯ ಹಸೈನಾರ್ ಬ್ಯಾರಿಗಳು ತಮ್ಮ ಮಗಳು ಝೈನಬಳನ್ನು ಕೊಟ್ಟದ್ದೂ ಅದೇ ಕೇರಿಯ ಇನ್ನೊಂದು ತುದಿಗೆ. ಉಳಿದ ಐದು ಮನೆಗಳಿಗೂ ನಾನೇ ಹೋಗಿ ವಿಚಾರಿಸಿದೆ. ಏಳು ಜನರೂ ಆ ಕೇರಿಯ ಸೊಸೆಯಂದಿರು. ಏಳು ಜನರೂ ಅಲ್ಲಿನ ನಳ್ಳಿ ನೀರು ಕುಡಿದು, ಬಯಕೆ ಮುಗಿಸಿ, ತವರಿಗೆ ಬಂದು ಸತ್ತವರು. ಮೀನು ಹಿಡಿಯುವುದು ಮಲ್ಪೆಯಲ್ಲಿ, ತಿನ್ನುವುದು ಕಾರ್ಕಳದಲ್ಲಿ. ಹಾಗೆಂದು ಕಾರ್ಕಳದಲ್ಲಿ ಕಡಲುಂಟು ಎಂದು ಬರೆಯುತ್ತೀರಾ? ನಿಮ್ಮ ವರದಿ ಓದಿದ ಮೇಲೆ, ಬರೆದರೂ ಬರೆದೀರಿ ಎಂದು ಅನಿಸುತ್ತದೆ.

ಸ್ವರ್ಣ ಬಂದ ದಿನ ಕೈಕಾಲು ತೊಳೆದವಳು ಒಳಗೂ ಬರಲಿಲ್ಲ. ಬಾವಿಕಟ್ಟೆಯಲ್ಲೇ ನಿಂತು ಕೊಡಪಾನದಿಂದ ನೀರು ಬಗ್ಗಿಸಿ ಕುಡಿದಳು. “ಅಪ್ಪಾ, ಈ ನೀರಿಗಾಗಿಯೇ ಬಂದೆ ನಾನು. ಅಲ್ಲಿಯ ನಳ್ಳಿ ನೀರಿಗೆ ಎಂತದೋ ಒಂದು ನಮೂನೆ ವಾಸನೆ” ಎಂದಳು. ಬಸುರಿಯರಿಗೆ ವಾಸನೆ ಹೆಚ್ಚು ಎಂದು ಆಕೆಯ ತಾಯಿ ನಕ್ಕಳು. ನಾಲ್ಕೈದು ವಾರ ಕಳೆದ ಮೇಲೆ ಆಕೆಯ ಕಣ್ಣು ಹಳದಿಯಾಯಿತು. ಮಣಿಪಾಲಕ್ಕೆ ಕರೆದೊಯ್ದೆವು. ಅಲ್ಲಿ ಆಕೆ ನನ್ನ ಗುರುತು ಹಿಡಿಯದೆ ಹೋದಳು. ಮಗುವೂ ಉಳಿಯಲಿಲ್ಲ. ಈಗ ನಿಮ್ಮ ವರದಿ ಹೇಳುತ್ತದೆ, ಆಕೆ ಆಸೆಪಟ್ಟು ಕುಡಿದ ಆ ನೀರೇ ಆಕೆಯನ್ನು ಕೊಂದಿತೆಂದು. ಈ ವಾಕ್ಯವನ್ನು ಅಚ್ಚು ಹಾಕಿಸುವ ಮೊದಲು ಎರಡು ಸಲ ಯೋಚಿಸಬೇಕೆಂದು ನಿಮ್ಮಲ್ಲಿ ಒಬ್ಬರಿಗೂ ಅನಿಸಲಿಲ್ಲವೇ?

ಆಕೆಗೆ ಔಷಧ ಕೊಟ್ಟ ಡಾಕ್ಟರ್ ಆಂಜೆಲಾ ನನಗೆ ಸಮಾಧಾನವಾಗಿ ಕೂತು ವಿವರಿಸಿದರು. ಇದು ಹಳೆಯ ಕಾಮಾಲೆಯಲ್ಲ, ಈಚೆಗಷ್ಟೇ ವಿಜ್ಞಾನಿಗಳು ಬೇರೆಯೆಂದು ಗುರುತಿಸುತ್ತಿರುವ ಬಗೆ. ಕೆಟ್ಟ ನೀರಿನಿಂದ ಬರುತ್ತದೆ. ಗಂಡಸರಿಗೆ ಬಂದರೆ ಹೆಚ್ಚಾಗಿ ಮಲಗಿ ಏಳುತ್ತಾರೆ, ತುಂಬು ಬಸುರಿಗೆ ಬಂದರೆ ಪ್ರಾಣಕ್ಕೇ ಸಂಚಕಾರ. “ನೀರು ಕುಡಿದ ಮರುದಿನ ಬರುವ ಕಾಯಿಲೆ ಅಲ್ಲ ಮಾಸ್ಟ್ರೇ ಇದು. ಒಳಗೆ ಹೋದ ಮೇಲೆ ಒಂದು ತಿಂಗಳು, ಒಂದೂವರೆ ತಿಂಗಳು ಸುಮ್ಮನೆ ಇರ್ತದೆ. ಅಷ್ಟು ಹಿಂದೆ ಆಕೆ ಎಲ್ಲಿದ್ದಳು ಅಂತ ನೋಡಬೇಕು” ಎಂದರು. ಈ ಒಂದು ಪ್ರಶ್ನೆಯನ್ನು ನಿಮ್ಮ ಸಮಿತಿ ಯಾರಲ್ಲೂ ಕೇಳಲಿಲ್ಲ. ‘ಎಲ್ಲಿಂದ ಕರೆತಂದಿರಿ?’ ಎಂದು ಆಸ್ಪತ್ರೆಯಲ್ಲಿ ಕೇಳಿದರು, ‘ಬೆಳ್ಮಣ್ಣಿನಿಂದ’ ಎಂದೆವು. ನಿಮ್ಮ ವಿಜ್ಞಾನಕ್ಕೆ ಅಷ್ಟೇ ಸಾಕಾಯಿತು.

ಹಾಗಾದರೆ ಕೇರಿಯಲ್ಲಿ ಉಳಿದವರಿಗೆ ಏಕೆ ಬರಲಿಲ್ಲ ಎಂದು ನೀವು ಕೇಳಬಹುದು. ಬಂದಿತ್ತು. ನನ್ನ ಅಳಿಯನಿಗೇ ಬಂದಿತ್ತು. ಕಾಮಾಲೆಗೆ ಆಸ್ಪತ್ರೆಗೆ ಹೋಗುವವರು ಇಲ್ಲಿ ಯಾರು? ನೆಲನೆಲ್ಲಿ ಅರೆದು ಕುಡಿದು, ಉಪ್ಪಿಲ್ಲದ ಗಂಜಿ ಉಂಡು, ಪಥ್ಯ ಮಾಡಿ ಎದ್ದರು. ಕಾಯಿಲೆಯ ಸುದ್ದಿ ಹಬ್ಬಿದರೆ ಮನೆಗೆ ಹೆಣ್ಣು ಕೊಡುವವರಿಲ್ಲ ಎಂದು, ನಿಮ್ಮ ಜೀಪು ಬಂದಾಗ “ಎಂತದೂ ಇಲ್ಲ” ಎಂದರು. ನೀವು ಸೊನ್ನೆ ಬರೆದುಕೊಂಡಿರಿ.

ಇನ್ನು ನನ್ನ ಶಾಸ್ತ್ರಕ್ಕೆ ಬರೋಣ. ಕಡಲಿನ ಬದಿಯ ಆ ಕೇರಿಯಲ್ಲಿ ಬಾವಿ ನೀರು ಉಪ್ಪು, ಆದ್ದರಿಂದ ನಳ್ಳಿ. ನೀರು ಬಿಡುವುದು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ಪೈಪು ಹೋಗಿರುವುದು ಚರಂಡಿಯೊಳಗೆ, ಅದರ ಒಂದು ಜೋಡಣೆ ಸಡಿಲ. ನೀರು ನಿಲ್ಲಿಸಿದಾಗ ಪೈಪಿನಲ್ಲಿ ಉಳಿದ ನೀರು ತಗ್ಗಿನ ಮನೆಗಳತ್ತ ಇಳಿಯುತ್ತದೆ, ಒಳಗಿನ ಒತ್ತಡ ಕುಸಿಯುತ್ತದೆ, ಹೊರಗಿನ ಚರಂಡಿ ನೀರು ಸಂದಿಯಿಂದ ಒಳಗೆ ನುಗ್ಗುತ್ತದೆ. ಪಪ್ಪಾಯಿ ಎಲೆಯ ದಂಟಿನಲ್ಲಿ ಎಳನೀರು ಹೀರಿದ ಮಕ್ಕಳಿಗೂ ಇದು ಗೊತ್ತು. ಮಳೆಗಾಲದಲ್ಲಿ ಕಕ್ಕಸುಗುಂಡಿಗಳು ಉಕ್ಕಿ ಅದೇ ಚರಂಡಿ ಸೇರುತ್ತವೆ. ನೀವು ನೀರಿನ ಪರೀಕ್ಷೆಗೆ ಬಂದ ದಿನ ಮಾತ್ರ, ದೊಡ್ಡವರು ಬರುತ್ತಾರೆಂದು ಬೆಳಗಿನಿಂದಲೇ ನಳ್ಳಿ ಪೂರ್ತಿ ಬಿಟ್ಟಿದ್ದರು. ತುಂಬಿ ಹರಿಯುವ ಪೈಪಿನೊಳಗೆ ಚರಂಡಿ ಹೊಗುವುದು ಹೇಗೆ? ನಿಮ್ಮ ಸೀಸೆಗಳಿಗೆ ಸ್ಫಟಿಕದಂಥ ನೀರು ಸಿಕ್ಕಿತು. ಕೇರಿಯವರಿಗೆ ಆ ನೀರು ಸಿಕ್ಕಿದ್ದೂ ಆ ಒಂದು ದಿನವೇ.

ಇದನ್ನೆಲ್ಲ ಹೇಳಲು ನಿಮ್ಮ ಕಚೇರಿಗೆ ಬಂದಿದ್ದೆ, ನೆನಪಿರಬಹುದು. “ನಿಮ್ಮದು ಫಿಸಿಕ್ಸ್, ಇದು ವೈದ್ಯಕೀಯ” ಎಂದು ನೀವು ನಕ್ಕು ಪಂಡಿತರ ಕೋಣೆಗೆ ಕಳುಹಿಸಿದಿರಿ. ಪಂಡಿತರು ಕನ್ನಡಕ ಏರಿಸಿ, “ಸತ್ತದ್ದು ಬೆಳ್ಮಣ್ಣಿನವರು ಅಲ್ವಾ ಮಾಸ್ಟ್ರೇ? ಮತ್ತೆ ಎಂತ ಉಂಟು ಇದರಲ್ಲಿ? ಅಂಕಿ ಅಂಕಿಯೇ. ಪೈಪಿನದ್ದಾದರೆ ಇಂಜಿನಿಯರಲ್ಲಿ ಕೇಳಿ” ಎಂದರು. ಇಂಜಿನಿಯರರು, “ಒತ್ತಡದ ವಿಷಯ ಎಲ್ಲ ಫಿಸಿಕ್ಸ್ ಮಾರಾಯ್ರೆ, ಕಾಲೇಜಿನಲ್ಲಿ ಯಾರಾದರೂ ಲೆಕ್ಚರರನ್ನು ಕೇಳಿ” ಎಂದರು. ಹೀಗೆ ಮೂರು ಶಾಸ್ತ್ರಗಳ ಪ್ರದಕ್ಷಿಣೆ ಮಾಡಿ ನಾನು ನನ್ನ ಬಳಿಗೇ ವಾಪಸ್ಸು ಬಂದೆ. ಒಂದೇ ಮೇಜಿನ ಸುತ್ತ ಕೂತು ಚಹಾ ಕುಡಿಯುವ ನಿಮಗೆ ಒಂದೇ ಹೆಣದ ಬಗ್ಗೆ ಮಾತಾಡಿಕೊಳ್ಳಲು ಏನು ಕಷ್ಟ?

ಸ್ವರ್ಣಳ ಓರಗಿತ್ತಿ ಕುಶಲಾ, ನನ್ನ ಅಳಿಯನ ತಮ್ಮನ ಹೆಂಡತಿ, ಈಗ ಐದು ತಿಂಗಳ ಬಸುರಿ. ಅದೇ ಮನೆ, ಅದೇ ನಳ್ಳಿ. ಆಕೆಯ ತವರು ಪೆರ್ಡೂರು. ನಾನು ಬಾವಿ ನೀರನ್ನು ಕುದಿಸಿ, ತಣಿಸಿ, ಕ್ಯಾನಿನಲ್ಲಿ ತುಂಬಿ ಶಿರ್ವ ದಾರಿಯ ಬಸ್ಸಿನಲ್ಲಿ ಕಳುಹಿಸುತ್ತಿದ್ದೆ. ಕಳೆದ ವಾರ ನಾನೇ ಹೋದಾಗ ನೋಡಿದೆ: ಪಡಸಾಲೆಯ ಗೋಡೆಯಲ್ಲಿ ನಿಮ್ಮ ಪ್ರಶಸ್ತಿಪತ್ರದ ಚಿತ್ರವಿರುವ ಪೇಪರಿನ ತುಂಡು, ಹಿತ್ತಲಿನಲ್ಲಿ ನನ್ನ ಕ್ಯಾನು ಬಸಳೆ ಚಪ್ಪರದ ಬುಡಕ್ಕೆ ಬರಿದಾಗುತ್ತಿತ್ತು. ಸುರಿಯುತ್ತಿದ್ದವರು ನನ್ನ ಬೀಗಿತ್ತಿ. “ಬೇಸರ ಮಾಡಬೇಡಿ ಮಾಸ್ಟ್ರೇ. ನಿಮ್ಮ ಬಾವಿ ನೀರು ಕುಡಿದೇ ಅಲ್ವಾ ನಮ್ಮ ಸ್ವರ್ಣ ಹೋದದ್ದು? ತವರಿಗೆ ಕಳುಹಿಸದಿದ್ದರೆ ಇರ್ತಿದ್ದಳು” ಎಂದರು. ನಳ್ಳಿ ನೀರನ್ನಾದರೂ ಕುದಿಸಿ ಎಂದು ಕೈಮುಗಿದೆ. “ಸರ್ಕಾರವೇ ಒಳ್ಳೆಯದು ಅಂತ ಹೇಳಿದ ನೀರನ್ನು ಕುದಿಸುವುದು ಎಂತಕ್ಕೆ?” ಎಂದರು. ಗೇಟಿನವರೆಗೆ ಬಂದ ಕುಶಲಾ ತಗ್ಗಿದ ದನಿಯಲ್ಲಿ, “ನನಗೆ ಹೆದರಿಕೆ ಆಗ್ತದೆ ಮಾವ. ಆದರೆ ಅತ್ತೆಗೆ ನಾನು ಎಂತ ಹೇಳಲಿ?” ಎಂದಳು. ಬೀಗಿತ್ತಿಯ ಮೇಲೆ ನನಗೆ ಸಿಟ್ಟಿಲ್ಲ. ಆಕೆ ನಂಬಿದ್ದು ನಿಮ್ಮನ್ನು. ನನ್ನ ಸಿಟ್ಟೆಲ್ಲ ನಿಮ್ಮ ಪಾಲಿಗೇ ಇಟ್ಟಿದ್ದೇನೆ.

ಇನ್ನೆರಡು ತಿಂಗಳಿಗೆ ಕುಶಲಾಳ ಬಯಕೆ. ಆಮೇಲೆ ಆಕೆ ಪೆರ್ಡೂರಿಗೆ ಹೋಗುತ್ತಾಳೆ. ನೀವು ಈಗಲೇ ಪೆರ್ಡೂರಿನ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ತರಿಸಿಟ್ಟುಕೊಳ್ಳಬಹುದು. ಅದು ಬೇಡವೆಂದಾದರೆ ಚರಂಡಿಯೊಳಗಿನ ಆ ಪೈಪನ್ನು ಈ ವಾರವೇ ಅಗೆಸಿ ತೆಗೆಸಿ. ಪ್ರಶಸ್ತಿಪತ್ರವನ್ನು ಹಿಂದಕ್ಕೆ ಪಡೆಯಿರಿ. ಏಳು ಸಾವುಗಳನ್ನೂ ಬೆಳ್ಮಣ್ ಕಡೆಯಿಂದ ತೆಗೆದು ಆ ನಳ್ಳಿಯ ಲೆಕ್ಕಕ್ಕೆ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ ಪೇಪರಿಗೆ ಕೊಡಿ. ನನ್ನ ಮಾತಿಗೆ ಆ ಮನೆಯಲ್ಲಿ ಸೌದೆ ಉರಿಯುವುದಿಲ್ಲ. ನಿಮ್ಮ ಸಹಿಗೆ ಉರಿಯುತ್ತದೆ. ಬೀಗಿತ್ತಿ ಆ ತುಂಡನ್ನೂ ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ, ನೀರನ್ನೂ ಕುದಿಸುತ್ತಾರೆ.

ಇಂತಿ,
ಸ್ವರ್ಣಲತಾಳ ಅಪ್ಪ,
ನಿಮ್ಮ ಪ್ರಕಾರ ಆಕೆಯನ್ನು ಕೊಂದ ಬಾವಿಯ ಯಜಮಾನ
ಬೆಳ್ಮಣ್, ೧೯೮೪