ಮೂರನೇ ಹಾಡಿನ ಡ್ರಮ್ಮು

ನವೆಂಬರ್ ಹದಿನೆಂಟು, ಮಂಗಳವಾರ.

ಅಣ್ಣನ ಬ್ಯಾಂಡಿನ ಆಲ್ಬಂ ಬಂದಾಗಿನಿಂದ ಗ್ಯಾರೇಜಲ್ಲಿ ಎಲ್ಲರಿಗೂ ಮೂರನೇ ಹಾಡಿನ ಹುಚ್ಚು. ಅದರ ಡ್ರಮ್ಮನ್ನ ನಾನು ಸ್ಪ್ಯಾನರಿಂದ ಬಾನೆಟ್ ಮೇಲೆ ಬಾರಿಸುತ್ತಾ ಗಂಟಲು ಹರಿಯೋ ಹಾಗೆ ಕಿರುಚುತ್ತಿದ್ದೆ. ಇವತ್ತು ಅವನು ರೇಡಿಯೋದಲ್ಲಿ ಹಾಡುಗಳ ಹಿಂದಿನ ಕಥೆ ಹೇಳ್ತಾನೆ ಅಂತ ಎಲ್ಲರೂ ಕೆಲಸ ಬಿಟ್ಟು ಕೂತೆವು. ಮೊದಲನೆಯದು ಹಳೇ ಹುಡುಗಿಯ ಮೇಲಂತೆ. ಎರಡನೆಯದು ಬಸ್ಸಲ್ಲಿ ಹುಟ್ಟಿದ್ದಂತೆ.

"ಮೂರನೇದರ ಡ್ರಮ್ಮು ನನ್ನ ತಮ್ಮ ಬಾಗಿಲು ಬಡಿದ ಸದ್ದು. ಸ್ಕೂಲು ಬಿಟ್ಟ ಅಂತ ಅಪ್ಪ ಅವನನ್ನ ರಾತ್ರಿಯಿಡೀ ಆಚೆ ನಿಲ್ಲಿಸಿದ್ರು. ನಂಗೆ ಎಚ್ಚರ ಇತ್ತು. ಎದ್ದು ಚಿಲಕ ತೆಗೀಲಿಲ್ಲ."

ಮೇಸ್ತ್ರಿ ರೇಡಿಯೋ ಆರಿಸಿದರು. "ಲೋ, ಅದು ನೀನೇನೋ?"

ನಾನು ಸ್ಪ್ಯಾನರ್ ಅಲ್ಲೇ ಬಿಸಾಕಿ ಮನೆಗೆ ಬಂದೆ.

ಆ ರಾತ್ರಿ ಕಳೆದ ಮಾರನೇ ದಿನ ಅಣ್ಣ "ಆಣೆಗೂ ನಿದ್ದೆ ಬಂದಿತ್ತು ಕಣೋ" ಅಂದಿದ್ದನಲ್ಲ, ಕಳ್ಳ! ಅದನ್ನ ನಂಬಿ ಇಷ್ಟು ವರ್ಷ ಅಪ್ಪನೊಬ್ಬನ ಮೇಲೇ ಹಲ್ಲು ಕಡಿದೆ. ಲೋಕಕ್ಕೆಲ್ಲ ಹೇಳೋಕೆ ಬಾಯಿ ಬಂತು, ನನಗೆ ಹೇಳೋಕೆ ಬರಲಿಲ್ವಾ?

ಈಗ ಅಣ್ಣ ನನ್ನ ರೂಮಿನ ಬಾಗಿಲು ಬಡೀತಿದ್ದಾನೆ. ಮೆಲ್ಲಗೆ, ತಾಳವೇ ಇಲ್ಲದೆ. "ತೆಗಿಯೋ, ನಾನು ಕಣೋ."

ಲೈಟು ಉರೀತಾನೇ ಇದೆ, ಅವನಿಗೆ ಕಾಣಲಿ. ಅವನ ಹಾಗೆ ನಾನು ನಿದ್ದೆಯ ನಾಟಕ ಆಡಲ್ಲ. ಇನ್ನೊಂಚೂರು ಬಡೀಲಿ, ಆಮೇಲೆ ಎದ್ದು ಚಿಲಕ ತೆಗೀ—