ಗೇಟಿನ ಸಾಲಿನಲ್ಲಿ ಎರಡನೆಯವನು

ಕಾರ್ಖಾನೆ ಹಿಂದಿನ ಬೀದಿ,
ಏಪ್ರಿಲ್ ೬, ಭಾನುವಾರ

ಪ್ರೀತಿಯ ಮಹಾರಾಯ್ತಿಗೆ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ದಿನವಿಡೀ ಭೂತಗನ್ನಡಿಯ ಕೆಳಗೆ ಬಗ್ಗಿ ಫೋನಿನ ಬಿಡಿಭಾಗ ಜೋಡಿಸಿದರೆ ನೋಯದೆ ಇನ್ನೇನು. ಫೋನಿನಲ್ಲೇ ವಿಚಾರಿಸೋಣವೆಂದರೆ ನಿನ್ನ ಊಟದ ಬಿಡುವನ್ನೆಲ್ಲ ಮಗಳೇ ನುಂಗಿಬಿಡುತ್ತಾಳೆ. ನನ್ನ ಪಾಲಿಗೆ ಉಳಿಯುವುದು ‘ಇಡ್ತೀನಿ ಕಣ್ರೀ, ಬೆಲ್ ಆಯ್ತು’ ಅನ್ನುವ ಒಂದೇ ಮಾತು. ಅದನ್ನೇ ಸಂಜೆಯವರೆಗೆ ಮೆಲುಕು ಹಾಕುತ್ತಿರುತ್ತೇನೆ. ಅದಕ್ಕೇ ಈ ಕಾಗದ.

ಗುಬ್ಬಿ ಚೆನ್ನಾಗಿದ್ದಾಳೆ. ಅವಳಿಗೆ ಜಡೆ ಹಾಕಲು ಕಲಿತಿದ್ದೇನೆ, ಒಂದೇ ಜಡೆ ಮಾತ್ರ. ಎರಡು ಹಾಕಲು ಹೋದರೆ ಒಂದು ಕಿವಿಯ ಮೇಲೆ, ಇನ್ನೊಂದು ಬೆನ್ನ ಮೇಲೆ. ಕ್ಷೌರದಂಗಡಿಯವನ ಸಹಾಯ ಕೇಳಿದರೆ, ‘ನಾನು ಕತ್ತರಿಸೋನು ಕಣಪ್ಪ, ಹೆಣೆಯೋನಲ್ಲ’ ಎಂದುಬಿಟ್ಟ.

ಮೊನ್ನೆ ಅವನ ಅಂಗಡಿಯಲ್ಲೇ ಪತ್ರಿಕೆ ಓದುತ್ತಿದ್ದೆವು. ದೇಶದಲ್ಲಿ ನಿರುದ್ಯೋಗ ಇಳಿದಿದೆಯೆಂದು ಮೊದಲ ಪುಟದಲ್ಲೇ ಬಂದಿತ್ತು. ಬಾಟಲಿ ಲಾರಿ ಓಡಿಸುತ್ತಿದ್ದ ನಮ್ಮಣ್ಣ, ‘ಇಳಿದಿದ್ರೆ ಯಾವ ಸ್ಟಾಪಲ್ಲಿ ಇಳೀತಂತೆ? ನಮ್ಮೂರಿಗಂತೂ ಬಂದಿಲ್ಲ’ ಎಂದ. ಒಳಪುಟದಲ್ಲಿ ಜಿಲ್ಲೆವಾರು ನಕ್ಷೆಯಿತ್ತು. ಕೆಲಸವಿಲ್ಲದವರು ಹೆಚ್ಚಿದ್ದಷ್ಟೂ ಬಣ್ಣ ಗಾಢ. ನಮ್ಮ ಜಿಲ್ಲೆ ಕಡುಗೆಂಪು, ನಿನ್ನದು ಹೆಚ್ಚುಕಡಿಮೆ ಬಿಳಿ. ನಡುವೆ ಇರುವುದು ಒಂದು ನದಿ, ಆರು ಗಂಟೆಯ ಬಸ್ಸು. ನಿಮ್ಮ ಕಡೆ ಗೋಡೆಗೋಡೆಗೂ ‘ಕೆಲಸಕ್ಕೆ ಜನ ಬೇಕಾಗಿದ್ದಾರೆ’ ಬೋರ್ಡು, ಪರಿಚಯದವರನ್ನು ಕರೆತಂದರೆ ಬಹುಮಾನ ಬೇರೆ ಎಂದು ನೀನು ಬರೆದದ್ದನ್ನು ಹೇಳಿದೆ. ಯಾರೂ ನಂಬಲಿಲ್ಲ. ಇಲ್ಲಿ ಬೋರ್ಡು ಎಂದರೆ ‘ಮನೆ ಬಾಡಿಗೆಗಿದೆ’ ಎಂಬುದೊಂದೇ. ನಮ್ಮಣ್ಣ ನಿನ್ನ ಜಿಲ್ಲೆಯ ಮೇಲೆ ಬೆರಳಿಟ್ಟ. ‘ಬೆರಳು ತೆಗಿಯೋ, ಸರಿಯಾಗಿ ನೋಡ್ಬೇಕು’ ಎಂದೆ. ಅಂಗಡಿಗೆ ಅಂಗಡಿಯೇ ನಕ್ಕಿತು. ನಕ್ಷೆಯಲ್ಲಿ ನೀನೇನು ಕಾಣುತ್ತೀಯಾ, ಹೇಳು.

ಸೋಮವಾರದ ಗೇಟ್ ಹಾಜರಿ ಇನ್ನೂ ನಡೆದಿದೆ. ಗಾಜಿನ ಕಾರ್ಖಾನೆ ನಡೆಯುತ್ತಿದ್ದಾಗ ಹಳಬರು ಮುಂದೆ, ಹೊಸಬರು ಹಿಂದೆ ನಿಂತು ವಾರದ ಕೆಲಸ ಪಡೆಯುತ್ತಿದ್ದೆವಲ್ಲ, ತಪ್ಪಿಸಿದವನು ಸಾಲಿನ ಕೊನೆಗೆ ಹೋಗುತ್ತಿದ್ದನಲ್ಲ, ಅದೇ. ಮುಚ್ಚಿ ಎರಡು ವರ್ಷವಾದರೂ ಮೇಸ್ತ್ರಿ ಬಂದು ನಿಲ್ಲುತ್ತಾರೆ, ನಾವೂ ನಿಲ್ಲುತ್ತೇವೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಮತ್ತೆ ತೆರೆದರೆ ಸರದಿ ತಪ್ಪಬಾರದು, ಅಷ್ಟೆ. ನಾನೀಗ ಎರಡನೆಯವನು! ಮುಂದಿದ್ದವರು ಒಬ್ಬೊಬ್ಬರಾಗಿ ಊರು ಬಿಟ್ಟರು, ನನಗೆ ನಿಂತಲ್ಲೇ ಬಡ್ತಿ ಸಿಕ್ಕಿತು. ‘ಮೊದಲನೆಯವನಾದ್ರೆ ಏನ್ ಕೊಡ್ತಾರಪ್ಪಾ?’ ಎಂದು ಗುಬ್ಬಿ ಕೇಳಿದಳು. ಕುಲುಮೆ ಒಮ್ಮೆ ತಣ್ಣಗಾದರೆ ಒಳಗಿನ ಗಾಜು ಕಲ್ಲಾಗುತ್ತದೆ, ಗೋಡೆ ಬಿರುಕು ಬಿಡುತ್ತದೆ, ಒಡೆದು ಹೊಸದಾಗಿ ಕಟ್ಟದೆ ಉರಿಯುವುದಿಲ್ಲ. ಇದು ನನಗೆ ಗೊತ್ತು, ಮೇಸ್ತ್ರಿಗೂ ಗೊತ್ತು. ಸಾಲಿನಲ್ಲಿ ಮಾತ್ರ ಯಾರೂ ಆ ಮಾತೆತ್ತುವುದಿಲ್ಲ.

‘ಆ ಮನೆ ಓನರಮ್ಮ ಇನ್ನು ಕಾಯಲ್ಲ ಅಂತಿದ್ದಾರೆ. ನೀವಿಬ್ಬರೂ ಬರ್ತೀರೋ ಇಲ್ವೋ?’ ಎಂದು, ಅಲ್ಲಿ ನಮಗಾಗಿ ನೋಡಿಟ್ಟ ಬಾಡಿಗೆ ಮನೆಯ ಬಗ್ಗೆ ನೀನು ಹೋದ ಕಾಗದದಲ್ಲಿ ಕೇಳಿದ್ದೆ. ಇಲ್ಲಿ ಕೆಲಸವಿಲ್ಲದಿದ್ದರೂ ನನ್ನನ್ನು ಕುಲುಮೆಯವನು ಎನ್ನುತ್ತಾರೆ. ಅಲ್ಲಿ ಏನೆನ್ನುತ್ತಾರೋ. ‘ಹೆಂಡ್ತಿ ಸಂಬಳದಲ್ಲಿ ಕೂತು ತಿನ್ನೋಕೆ ಹೊರಟ್ಯಾ?’ ಎಂದು ನಮ್ಮಣ್ಣ ಆಗಲೇ ಕೆಣಕುತ್ತಿದ್ದಾನೆ. ಇನ್ನೊಂದು ವಾರ ಕೊಡು, ಯೋಚಿಸಿ ಹೇಳುತ್ತೇನೆ. ಬಾಗಿಲ ಹಿಂದಿನ ಮೊಳೆಯಲ್ಲಿ ನಿನ್ನ ಹಳೆಯ ಸ್ವೆಟರ್ ನೇತಾಡುತ್ತಿದೆ. ಒಗೆಯಲು ಗುಬ್ಬಿ ಬಿಡುವುದಿಲ್ಲ. ಗುಬ್ಬಿ ಎಂದದ್ದು ಸುಳ್ಳು. ಬಿಡದವನು ನಾನೇ.

ಹೊತ್ತಿಗೆ ಸರಿಯಾಗಿ ಉಣ್ಣು. ಕುತ್ತಿಗೆಗೆ ಬಿಸಿನೀರಿನ ಬಟ್ಟೆ ಒತ್ತಿಕೋ. ಜೊತೆಯಲ್ಲಿರುವ ಹುಡುಗಿಯರಿಗೆ ನನ್ನ ನಮಸ್ಕಾರ, ನಿನಗೆ ಗುಬ್ಬಿಯ ಮುತ್ತು.

ನಿನ್ನ,
ಗುಬ್ಬಿಯಪ್ಪ

ಸೋಮವಾರ, ಅಂಚೆಗೆ ಹಾಕುವ ಮುಂಚೆ: ಬೆಳಿಗ್ಗೆ ಗೇಟಿಗೆ ಹೋಗಿದ್ದೆ. ನನ್ನ ಮುಂದಿನವನು ಬಂದಿರಲಿಲ್ಲ. ‘ಬಾಪ್ಪಾ, ಇವತ್ತಿಂದ ನೀನೇ ಮೊದಲು’ ಎಂದರು ಮೇಸ್ತ್ರಿ. ಹೋಗಿ ನಿಂತೆ. ಇಷ್ಟು ದಿನ ಕಣ್ಣ ಮುಂದೆ ಯಾರದಾದರೂ ಬೆನ್ನು ಇರುತ್ತಿತ್ತು. ಇವತ್ತು ಬೀಗ ಇತ್ತು. ಮೇಸ್ತ್ರಿಯ ಕೈ ಹಿಡಿದು, ಬರ್ತೀನಿ ಎಂದು ಹೇಳಿ, ನೆಟ್ಟಗೆ ಗುಬ್ಬಿಯ ಶಾಲೆಗೆ ಹೋಗಿ ಟಿ.ಸಿ. ಕೇಳಿದೆ. ಬೇರೆ ಕಡೆ ಕೆಲಸ ಸಿಕ್ಕಿದೆ ಎಂದೆ. ‘ಅಂತೂ ನಿಮಗೂ ಸಿಕ್ತಲ್ಲ, ಸಂತೋಷ!’ ಎಂದು ಗುಮಾಸ್ತರು ಕೈ ಕುಲುಕಿದರು. ಹಿಂದೆ ನಮ್ಮ ಬೀದಿಯವರಿಬ್ಬರು ನಿಂತಿದ್ದರು, ಹೂಂ ಎಂದು ಸುಮ್ಮನಾಗಿಬಿಡಬಹುದಿತ್ತು. ‘ನನಗಲ್ಲ ಸಾರ್, ನನ್ನ ಹೆಂಡ್ತಿಗೆ’ ಎಂದೆ, ಸ್ವಲ್ಪ ಜೋರಾಗಿಯೇ. ಮನೆ ಹಿಡಿದುಬಿಡು. ಶನಿವಾರದ ಬಸ್ಸಿಗೆ ಬರುತ್ತಿದ್ದೇವೆ.