ಸರಿಸಿದ ತಟ್ಟೆ

ತಳಿ,
21 ಜನವರಿ 1982

ಪ್ರೀತಿಯ ಸೊಣ್ಣಪ್ಪನಿಗೆ,

ನಿನ್ನ ಮಾವನ ಆಶೀರ್ವಾದಗಳು. ಕೆಮ್ಮು ಕಡಿಮೆಯಾಯಿತೆ? ಕೃಷ್ಣಗಿರಿಯಲ್ಲಿ ನಿನಗೆ ಉಪದೇಶಿಯ ತರಬೇತಿ ನೀಡುತ್ತಿರುವ ಹಿರಿಯರಿಗೆ, ಜೊತೆಯ ಹುಡುಗರಿಗೆ ನನ್ನ ವಂದನೆ ತಿಳಿಸು. ದೀಕ್ಷಾಸ್ನಾನದಂದು ನಾನೇ ಇಟ್ಟ ಹೆಸರನ್ನು ಬಿಟ್ಟು ಹಳೆಯ ಹೆಸರಿನಿಂದ ಕರೆದೆನೆಂದು ಬೇಸರಿಸಬೇಡ. ನಿನ್ನ ತಾಯಿ ಜ್ವರದಲ್ಲಿ ಕನವರಿಸುವುದು ಇದೇ ಹೆಸರನ್ನು.

ಹೌದು, ನನ್ನ ಅಕ್ಕನಿಗೆ, ನಿನ್ನ ತಾಯಿಗೆ, ಕಾಯಿಲೆ. ಹೊಟ್ಟೆಯಲ್ಲಿ ಗೆಡ್ಡೆ, ಸೋಮವಾರ ಹೊಸೂರಿನಲ್ಲಿ ಆಪರೇಷನ್. ಮೈಯಲ್ಲಿ ರಕ್ತವಿಲ್ಲ, ಚೆನ್ನಾಗಿ ಉಣ್ಣಬೇಕೆಂದು ವೈದ್ಯರು ಹೇಳಿದ್ದಾರೆ. ಮನೆಯಲ್ಲಿ ಹಳೆಯ ರಾಗಿ ತೀರಿದೆ. ಹೊಸದನ್ನು ಆಕೆ ಮುಟ್ಟುತ್ತಿಲ್ಲ. ಎರಡು ತುತ್ತು ಅನ್ನದಲ್ಲಿ ದಿನ ಕಳೆಯುತ್ತಾಳೆ. ಹೋದ ವರ್ಷ ಹೊಸ ರಾಗಿಯ ಮೊದಲ ಮುದ್ದೆಯನ್ನು ದೇವರಿಗೆ ಎಡೆಯಿಟ್ಟು ಎಲ್ಲರೂ ಉಣ್ಣಲು ಕುಳಿತ ದಿನ, ನೀನು ತಟ್ಟೆ ಸರಿಸಿ ಎದ್ದು ಹೋದವನು ಮನೆಗೆ ಮರಳಲೇ ಇಲ್ಲ. ಕ್ರೈಸ್ತನಾದವನು ಬೇರೆ ದೇವರ ಎಡೆಯನ್ನು ಮುಟ್ಟಬಾರದೆಂದು ಕಲಿಸಿದವನು ನಾನು. ಹುಡುಗನ ಹೃದಯ ಹೊಸದಾಯಿತೆಂದು ಪ್ರಾರ್ಥನಾ ಸಭೆಯಲ್ಲಿ ಹೆಮ್ಮೆಯಿಂದ ಸಾರಿದವನೂ ನಾನೇ.

ನಿನ್ನೆ ಉಣ್ಣೆಂದು ಒತ್ತಾಯಿಸಲು ಹೋದಾಗ ಅಕ್ಕ ಎದ್ದು ಕುಳಿತಳು. "ಲೇ ಮುನಿಶಾಮಿ, ಎದೆ ಹೊಸ್ದಾಯ್ತದೆ ಅಂತ ಊರಿಗೆಲ್ಲಾ ಹೇಳ್ತೀಯಲ್ಲ, ನಿಂದು ಆಗೈತೇನ್ಲಾ? ಆಗಿದ್ರೆ ತಾಯಿ ಮಗನ್ನ ಅಗಲಿಸ್ತಿದ್ಯಾ? ನನ್ ಮಗ ಉಣ್ಣೋಗಂಟ ನಾ ಹೊಸ ರಾಗಿ ಮುಟ್ಟಾಕಿಲ್ಲ, ಹೋಗು!"

ಹನ್ನೆರಡು ವರ್ಷ ಉಪದೇಶ ಮಾಡಿದವನು ಎದ್ದು ಮನೆಗೆ ಬಂದೆ. ಅವಳ ಆರೋಗ್ಯಕ್ಕಾಗಿ ಬೇಡಲೆಂದು ಮೊಣಕಾಲೂರಿದೆ. ಸ್ವಾಮಿ, ಮೊದಲು ನನ್ನೊಳಗಿನ ಈ ಕಲ್ಲನ್ನು ತೆಗೆ ಎಂದಷ್ಟೇ ಬೇಡಿದೆ. ಇಂದು ಬೆಳಿಗ್ಗೆ ಹೋಗಿ ಅಕ್ಕನ ಕಾಲು ಹಿಡಿದೆ. ನಂಬಿಕೆಯನ್ನು ಬಿಡೆಂದು ಹೇಳುತ್ತಿಲ್ಲ ಮಗೂ, ಗಟ್ಟಿಯಾಗಿ ಹಿಡಿ. ಅವಸರದ ಗುರುವನ್ನು ಮಾತ್ರ ಕ್ಷಮಿಸು. ಕ್ರಿಸ್ತನ ಶಾಂತಿ ನಿನ್ನನ್ನು ಕಾಯಲಿ.

ನಿನ್ನ ಮಾವ,
ಮುನಿಶಾಮಿ

ಮರೆಯುವ ಮುನ್ನ: ಬಸ್ಸಿನ ಕಂಡಕ್ಟರ್ ತಿಮ್ಮರಾಯಪ್ಪ ಪತ್ರಕ್ಕಾಗಿ ಕೂಗುತ್ತಿದ್ದಾನೆ, ಆದರೂ ಇದನ್ನು ಬರೆಯಲೇಬೇಕು. ಅಂದು ನಿನ್ನ ತಟ್ಟೆಯಲ್ಲಿದ್ದ ಮುದ್ದೆ ಎಡೆಯಿಟ್ಟದ್ದಲ್ಲ. ಪೂಜೆಗೆ ಮೊದಲೇ ಹಿತ್ತಿಲ ಒಲೆಯಲ್ಲಿ, ಬೇರೆ ಮಡಕೆಯಲ್ಲಿ ಅಕ್ಕ ನಿನಗೆಂದೇ ಮಾಡಿದ್ದಳಂತೆ. "ಅವ್ನ ದೇವ್ರಿಗೆ ಬ್ಯಾಸ್ರ ಆಗ್ಬಾರ್ದು ಅಂತ ಮಾಡ್ದೆ ಕಣ್ಲಾ. ಹೇಳಾಕ್ ಮುಂಚೆ ಎದ್ದೋಗ್ಬುಟ್ಟ" ಎಂದು ಇಂದು ಕಾಲು ಹಿಡಿದಾಗ ಹೇಳಿದಳು. ನಾವಿಬ್ಬರೂ ಅವಳನ್ನು ಒಂದು ಮಾತು ಕೇಳಲಿಲ್ಲ. ಆ ಒಲೆಯನ್ನು ಇಂದು ತಾನೇ ಎದ್ದು ಸಾರಿಸಿಟ್ಟಿದ್ದಾಳೆ. ಸೋಮವಾರಕ್ಕೆ ನಾಲ್ಕೇ ದಿನ. ಉಪದೇಶವನ್ನು ಅಲ್ಲೇ ಬಿಟ್ಟು, ಹಸಿದು ಬಾ. ಕೈ ತೊಳೆದು ಅವಳೆದುರು ಕೂರು. ನಮ್ಮ ಕೆಲಸ ಅಲ್ಲಿಂದ ಆರಂಭವಾಗಲಿ.